ದೋಸೆಗೆ ಮೂರೂವರೆ, ಕ್ಯಾಶ್ ಕೌಂಟರ್ ಅಕ್ಕಂಗೆ ಐದಕ್ಕೆ ಐದು

ಮೊದ್ಲೇ ಹೇಳ್ಬಿಡ್ತೀನಿ, ಹೋಟ್ಲು ಹೆಸ್ರು ಹಾಕಲ್ಲ. ಹೆಸ್ರಿಲ್ದೆ ರಿವ್ಯೂ ಬರ್ದು ಏನ್ ಪ್ರಯೋಜನ ಅಂತ ಬೈಬೇಡಿ, ಕಾರಣ ಮುಂದೆ ಬರುತ್ತೆ. ಹಾಸನದಲ್ಲಿ ಬಸ್‌ಸ್ಟ್ಯಾಂಡಿಂದ ನಡ್ಕೊಂಡು ಹೋಗೋ ದೂರ, ಎರಡು ಮೆಟ್ಲು ಹತ್ತಬೇಕು, ಹೊರಗಡೆ ಎಳನೀರು ಗಾಡಿ ಇರುತ್ತೆ, ಒಳಗೆ ಆರು ಟೇಬಲ್ಲು, ಹೊರಗೆ ನಿಂತು ತಿನ್ನೋಕೆ ಒಂದು ಕಡಪ ಕಲ್ಲಿನ ಕಟ್ಟೆ. ಗೊತ್ತಿರೋರಿಗೆ ಇಷ್ಟು ಸಾಕು.

ನಂದು ಚನ್ನರಾಯಪಟ್ಟಣದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ವಾರಕ್ಕೊಂದ್ಸಲ ತಾಮ್ರದ ವೈರು, ಬೇರಿಂಗು, ಕೆಪಾಸಿಟರ್ ತರೋಕೆ ಹಾಸನಕ್ಕೆ ಬರ್ತೀನಿ, ಬಂದಾಗೆಲ್ಲ ತಿಂಡಿ ಇಲ್ಲೇ. ಮೂರ್ನಾಲ್ಕು ವರ್ಷದಿಂದ ಗಿರಾಕಿ. ಹಂಗಾಗಿ ಊಟದ ವಿಷ್ಯ ಮುಲಾಜಿಲ್ದೆ ಹೇಳೋ ಹಕ್ಕು ನಂಗಿದೆ ಅನ್ಕೊಂಡಿದ್ದೀನಿ.

ಮಸಾಲೆ ದೋಸೆ 60 ರೂಪಾಯಿ. ಗರಿಗರಿ ಇರುತ್ತೆ, ಕೆಂಪು ಚಟ್ನಿ ಸವರಿರ್ತಾರೆ, ಆದ್ರೆ ಕಾಯಿ ಚಟ್ನಿ ನೀರು ನೀರು, ಪ್ಲೇಟ್ ಬಗ್ಗಿಸಿದ್ರೆ ದೋಸೆ ಕೆಳಗೆ ಹರ್ಕೊಂಡ್ ಹೋಗುತ್ತೆ. ಪಲ್ಯ ಮಾತ್ರ ಸೂಪರ್, ನಮ್ಮ ಜಿಲ್ಲೆ ಆಲೂಗೆಡ್ಡೆ ಬೆಳ್ಯೋ ಜಿಲ್ಲೆ, ಇಲ್ಲಿ ಪಲ್ಯ ಕೆಟ್ರೆ ಹೋಟ್ಲು ಮುಚ್ಕೊಂಡ್ ಹೋಗ್ಬೇಕು ಅಷ್ಟೆ. ಅಕ್ಕಿ ರೊಟ್ಟಿ ಭಾನುವಾರ ಮಾತ್ರ, ಒಂಬತ್ತೂವರೆಗೆಲ್ಲ ಖಾಲಿ. ಇಡ್ಲಿ ಪರವಾಗಿಲ್ಲ. ಉದ್ದಿನ ವಡೆ ಬೆಳಿಗ್ಗೆ ಏಳೂವರೆ ಒಳಗೆ ತಿಂದ್ರೆ ವಡೆ, ಹತ್ತು ಗಂಟೆಗೆ ತಿಂದ್ರೆ ಬೇರಿಂಗು. ಕಾಫಿಗೆ ಮಾತ್ರ ನಾನು ನಾಲ್ಕೂವರೆ ಕೊಡ್ತೀನಿ, ಡಿಕಾಕ್ಷನ್ ಬೆಳಿಗ್ಗೆ ಇಳಿಸಿಟ್ಟಿದ್ದನ್ನೇ ಮಧ್ಯಾಹ್ನದವರೆಗೆ ಕಾಯ್ಸಲ್ಲ, ಚಿಕೋರಿ ಜಾಸ್ತಿ ಹಾಕಲ್ಲ. ಕೈ ತೊಳ್ಯೋ ಬೇಸಿನ್ನಿನ ಕೊಳಾಯಿ ಯಾವಾಗ್ಲೂ ಲೂಸು. ಇಬ್ರು ಸಪ್ಲೈಯರ್ ಇದಾರೆ, ಒಬ್ಬ ಚುರುಕು, ಇನ್ನೊಬ್ಬಂಗೆ ಎರಡ್ನೇ ಸಲ ಚಟ್ನಿ ಕೇಳಿದ್ರೆ ಅವ್ನ ಮನೆ ಪತ್ರ ಕೇಳಿದಂಗೆ ನೋಡ್ತಾನೆ.

ತವಾ ಹತ್ರ ಯಜಮಾನ್ರು, ಕ್ಯಾಶ್‌ನಲ್ಲಿ ಅವ್ರ ಹೆಂಡ್ತಿ. ಐವತ್ತು ದಾಟಿರ್ಬೇಕು, ಅರಕಲಗೂಡು ಕಡೆಯೋರು, ಎಲ್ರೂ ಅಕ್ಕ ಅಂತಾರೆ. ಟೋಕನ್ ಹರೀತಾ ಹರೀತಾನೇ ಯಾರಿಗೆ ಸಾಂಬಾರ್ ಬಂದಿಲ್ಲ, ಯಾರು ಕಾಫಿ ಕುಡ್ದು ದುಡ್ಡು ಮರ್ತು ಹೊರಟ್ರು ಎಲ್ಲ ನೋಡ್ತಿರ್ತಾರೆ. ಇಲ್ಲಿವರೆಗೆ ಇದು ಮಾಮೂಲಿ ಮೂರೂವರೆ ಸ್ಟಾರ್ ರಿವ್ಯೂ. ಈಗ ಅವತ್ತಿನ ಕಥೆಗೆ ಬರ್ತೀನಿ.

ಹಾಸನಾಂಬೆ ಬಾಗಿಲು ತೆಗ್ದಿದ್ರು. ಹೊರಗಿನೋರಿಗೆ ಹೇಳ್ತೀನಿ, ವರ್ಷಕ್ಕೊಂದೇ ಸಲ ತೆಗ್ಯೋದು, ಆಶ್ವಯುಜ ಹುಣ್ಣಿಮೆ ಆದ್ಮೇಲೆ ಬರೋ ಮೊದಲ ಗುರುವಾರ ತೆಗೆದು ದೀಪಾವಳಿ ಮುಗಿತಿದ್ದಂಗೆ ಮುಚ್ತಾರೆ, ಆ ಹತ್ತು ಹದಿನೈದು ದಿನ ಊರು ಊರಾಗಿರಲ್ಲ, ಬಸ್ಸು ಬಸ್ಸು ಜನ. ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆ ಸುಮಾರು, ಒಳಗೆ ಜಾಗ ಇಲ್ದೆ ನಾನು ಹೊರಗೆ ಕಟ್ಟೆ ಹತ್ರ ನಿಂತು ದೋಸೆ ತಿಂತಿದ್ದೆ. ಬಲಗೈಲಿ ದೋಸೆ, ಎಡಗೈಲಿ ಮೊಬೈಲು, ಅಂಗಡಿ ಹುಡುಗ ಏನೋ ಫೋಟೋ ಕಳ್ಸಿದ್ದ ನೋಡ್ತಿದ್ದೆ.

ರಸ್ತೆ ಆಕಡೆಯಿಂದ ಗಲಾಟೆ. ನಾಲ್ಕು ಜನ ಒಂದು ಹುಡುಗನ್ನ ಎಳ್ಕೊಂಡು ಬಂದ್ರು, ಹದಿನೆಂಟೋ ಹತ್ತೊಂಬತ್ತೋ ಇರ್ಬೇಕು ಅವ್ನಿಗೆ. ಮೊಬೈಲ್ ಕಳ್ಳ ಸಿಕ್ಕವ್ನೆ, ಮೊಬೈಲ್ ಕಳ್ಳ. ಎಳನೀರು ಗಾಡಿಗೆ ಒರಗಿಸಿ ಒಬ್ಬ ಕಪಾಳಕ್ಕೆ ಬಿಟ್ಟ, ಇನ್ನೊಬ್ಬ ಹೊಟ್ಟೆಗೆ ಮೊಣಕಾಲು. ಆ ಹುಡುಗನ ಒಂದು ಚಪ್ಪಲಿ ಹಾರಿ ಬಂದು ಹೋಟ್ಲ ಮೊದಲ ಮೆಟ್ಲ ಮೇಲೆ ಬಿತ್ತು, ನೀಲಿ ಹವಾಯಿ, ಉಂಗುಷ್ಟ ಕಿತ್ತೋಗಿದ್ದಕ್ಕೆ ಕೆಳಗಿಂದ ಪಿನ್ನು ಹಾಕಿದ್ದು. ನಾನು ಯಾಕೋ ಆ ಪಿನ್ನನ್ನೇ ನೋಡ್ತಿದ್ದೆ. ಒಂದೇ ನಿಮಿಷಕ್ಕೆ ಮೂವತ್ತು ನಲವತ್ತು ಜನ ಸೇರಿದ್ರು. ಹೊಡೀತಿದ್ದೋರು ನಾಲ್ಕೇ ಜನ. ಉಳಿದೋರು? ಅರ್ಧ ಜನ ಫೋನ್ ಎತ್ತಿದ್ರು. ಇಬ್ರು ಮೂರು ಜನ ಹಾಕು ಇನ್ನೊಂದು ಹಾಕು ಅಂತಿದ್ರು. ಮಿಕ್ಕೋರು ನನ್ನಂಗೆ, ದೋಸೆ ಕೈಲಿ ಹಿಡ್ಕೊಂಡು. ಒಳಗಡೆ ದುಡ್ಡು ಬಂದಿದ್ದು ಕೂಗೋ ಪೆಟ್ಟಿಗೆ ಇದ್ಯಲ್ಲ, ಅದು ಅದ್ರ ಪಾಡಿಗೆ ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ, ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ ಅಂತ ಕೂಗ್ತಾನೇ ಇತ್ತು.

ನಾನು ಏನ್ ಅನ್ಕೊಂಡೆ ಅಂತ ಇದ್ದಿದ್ ಇದ್ದಂಗೆ ಹೇಳ್ತೀನಿ. ಯಾರಾದ್ರೂ ಬಿಡಿಸ್ತಾರೆ ಅನ್ಕೊಂಡೆ. ಪೊಲೀಸ್ರು ಜಾತ್ರೆ ಟೈಮಲ್ಲಿ ಎಲ್ಲ ಕಡೆ ಇರ್ತಾರಲ್ಲ ಬರ್ತಾರೆ ಅನ್ಕೊಂಡೆ. ಕದ್ದಿದ್ರೂ ಕದ್ದಿರ್ಬೋದು ಅಂತಾನೂ ಅನ್ಕೊಂಡೆ, ಇದು ನಾಚಿಕೆ ವಿಷ್ಯ ಆದ್ರೂ ನಿಜ.

ಅಷ್ಟೊತ್ತಿಗೆ ಹಿಂದೆಯಿಂದ ಬಿಸಿ ಬಿಸಿ ಬಿಸಿ, ಸೈಡು ಸೈಡು ಅಂತ ಕೂಗು. ಹೋಟ್ಲಲ್ಲಿ ಸಾಂಬಾರ್ ಬಕೆಟ್ ತಗೊಂಡು ಹೋಗೋವಾಗ ಸಪ್ಲೈಯರ್‌ಗಳು ಕೂಗ್ತಾರಲ್ಲ ಹಂಗೆ. ನಮಗೆಲ್ಲ ಆ ಕೂಗು ಕೇಳಿದ್ರೆ ಮೈ ತಾನಾಗೇ ಪಕ್ಕಕ್ಕೆ ಸರಿಯುತ್ತೆ, ಸರಿದ್ವಿ. ನೋಡಿದ್ರೆ ಅಕ್ಕ. ಕೈಲಿ ಸ್ಟೀಲ್ ಜಗ್ಗು. ಅದ್ರಲ್ಲಿ ಇದ್ದಿದ್ದು ತಣ್ಣೀರು, ಆಮೇಲೆ ಗೊತ್ತಾಯ್ತು. ಮೂವತ್ತು ಜನದ ಗುಂಪು ಎರಡು ಸೆಕೆಂಡಲ್ಲಿ ಸೀಳ್ಕೊಂಡ್ತು, ಹೊಡೀತಿದ್ದೋನೂ ಕೈ ಹಿಂದಕ್ಕೆ ತಗೊಂಡ, ಬಿಸಿ ಬೀಳುತ್ತೆ ಅಂತ.

ಅಕ್ಕ ಹೋದವ್ರೇ ಹುಡುಗನ ಮಣಿಕಟ್ಟು ಹಿಡ್ಕೊಂಡ್ರು. ಹೊಡೀಬೇಡಿ ಅಂತ ಒಂದು ಮಾತೂ ಅನ್ಲಿಲ್ಲ. ಏನಂದ್ರು ಗೊತ್ತಾ? ಏಯ್, ಇವ್ನು ನಮ್ಮ ಹೋಟ್ಲಲ್ಲಿ ತಿಂದು ದುಡ್ಡು ಕೊಡ್ದೆ ಓಡೋಗಿದ್ದ, ಮೊದ್ಲು ನಂಗೆ ಬೇಕು ಇವ್ನು, ನಡಿಯೋ ಒಳಗೆ. ನಾಲ್ಕು ಜನಕ್ಕೂ ತಲೆ ಕೆಡ್ತು. ಒಬ್ಬ, ಅಕ್ಕ ನಮ್ದು ಫೋನ್ ಕದ್ದವ್ನೆ ಅಂದ. ಅಕ್ಕ ಹುಡುಗನ ಕೈ ಬಿಡ್ಲೇ ಇಲ್ಲ, ಯಾರ್ದು ಮಗಾ ಫೋನು, ನಿಂದಾ, ಯಾವ ಕಂಪ್ನಿ, ರಿಂಗ್ ಕೊಟ್ಟು ನೋಡಿದ್ಯಾ ಅಂದ್ರು. ಅಷ್ಟೊತ್ತು ಹೊಡೆದಿದ್ದಾರೆ, ಒಬ್ರೂ ಆ ನಂಬರಿಗೆ ರಿಂಗ್ ಕೊಟ್ಟಿರ್ಲಿಲ್ಲ! ಅವ್ನು ಪಕ್ಕದೋನ ಫೋನ್ ಇಸ್ಕೊಂಡು ನಂಬರ್ ಒತ್ತೋಕೆ ಶುರು ಮಾಡ್ದ, ಕೈ ನಡುಗ್ತಿತ್ತು ಅವ್ನಿಗೂ. ಸ್ವಿಚ್ ಆಫ್ ಬಂತು. ಆದ್ರೆ ಆ ಅರ್ಧ ನಿಮಿಷದಲ್ಲಿ ಕೈಗೆ ಬೇರೆ ಕೆಲ್ಸ ಸಿಕ್ತಲ್ಲ, ಹೊಡ್ಯೋ ವೇಗ ಇಳಿದೋಯ್ತು.

ಎಲ್ಲ ಸಲೀಸಾಗಿ ಆಯ್ತು ಅನ್ಕೋಬೇಡಿ. ನಾಲ್ವರಲ್ಲಿ ಕೆಂಪು ಟೀ ಶರ್ಟೋನು, ನಿಮಗ್ಯಾಕ್ರೀ ಬೇಕು ಇದೆಲ್ಲ ಅಂತ ಅಕ್ಕನ ತೋಳು ಹಿಡಿದು ತಳ್ದ, ಎರಡು ಗಾಜಿನ ಬಳೆ ಒಡೀತು, ಕೈಯಲ್ಲಿ ರಕ್ತ ಬಂತು. ಯಜಮಾನ್ರು ದೋಸೆ ಮಗುಚೋ ಕೈ ಹಿಡ್ಕೊಂಡೇ ಹೊರಗೆ ಬಂದ್ಬಿಟ್ರು, ಮುಖ ಕೆಂಪಗೆ. ಅಕ್ಕ ಅವ್ರ ಕಡೆ ತಿರುಗಿ, ರೀ ನೀವು ಒಳಗೆ ನಡೀರಿ, ತವಾ ಮೇಲೆ ದೋಸೆ ಸೀದೋಗ್ತಿದೆ ಅಂದ್ರು. ಆಮೇಲೆ ನನ್ನ ಕಡೆ ಬೆರಳು ತೋರ್ಸಿ, ಚೆಕ್ಸ್ ಶರ್ಟ್ ಸಾರ್, ಚನ್ರಾಯಪಟ್ಣದ ಸಾರ್, ಫೋನ್ ಕೈಲೇ ಇದ್ಯಲ್ಲ, 112ಕ್ಕೆ ಮಾಡಿ, ಈಗ್ಲೇ ಮಾಡಿ ಅಂದ್ರು. ಎಳನೀರಿನೋನಿಗೆ, ಲೋ ಮಚ್ಚು ಒಳಗಿಡು ಅಂದ್ರು. ಅದು ನಂಗೆ ಹೊಳೆದೇ ಇರ್ಲಿಲ್ಲ ನೋಡಿ, ಅಷ್ಟು ಜನದ ಮಧ್ಯೆ ಗಾಡಿ ಮೇಲೆ ಎಳನೀರು ಕೆತ್ತೋ ಮಚ್ಚು ಹಂಗೇ ಬಿದ್ದಿತ್ತು.

ನನ್ನ ಹೆಸ್ರು ಅವ್ರಿಗೆ ಗೊತ್ತಿಲ್ಲ, ಊರು ಗೊತ್ತು. ಊರು ಕರೆದಿದ್ದೇ ತಡ ನನ್ನ ಕಾಲು ಬಿಡ್ತು. ಫೋನ್ ಮಾಡ್ದೆ. ಎಲ್ಲಿ, ಏನು, ಎಷ್ಟು ಜನ, ಆಯುಧ ಏನಾದ್ರೂ ಇದ್ಯಾ, ಗಾಯ ಆಗಿದ್ಯಾ ಅಂತ ಕೇಳಿದ್ರು, ಹೇಳ್ದೆ. ಜಾಗ ಹೇಳೋವಾಗ ಪಕ್ಕದ ಬ್ಯಾಂಕು, ಎದುರಿನ ಮೆಡಿಕಲ್ ಸ್ಟೋರು ಎಲ್ಲ ಗುರುತು ಹೇಳಿ, ಬರೀ ಬಸ್‌ಸ್ಟ್ಯಾಂಡ್ ಹತ್ರ ಅಂದ್ರೆ ಹಾಸನದಲ್ಲಿ ಯಾರಿಗೆ ಏನ್ ಗೊತ್ತಾಗುತ್ತೆ. ಪೊಲೀಸ್, ಆಂಬುಲೆನ್ಸ್, ಬೆಂಕಿ ಎಲ್ಲದಕ್ಕೂ ಅದೊಂದೇ ನಂಬರ್ರು, ನಾನು ಅವತ್ತಿನವರೆಗೂ ಒಂದ್ಸಲಾನೂ ಮಾಡಿರ್ಲಿಲ್ಲ.

ಗಾಡಿ ಬರೋವರೆಗೆ ಅಕ್ಕ ಹುಡುಗನ್ನ ಕ್ಯಾಶ್ ಕೌಂಟರ್ ಹಿಂದೆ ಅಕ್ಕಿ ಮೂಟೆ ಮೇಲೆ ಕೂರ್ಸಿದ್ರು, ಅದೇ ಜಗ್ಗಿಂದ ನೀರು ಕೊಟ್ರು. ಫೋನ್ ಕಳ್ಕೊಂಡೋನ್ನ ಬೇರೆ ಟೇಬಲ್ಲಲ್ಲಿ ಕೂರ್ಸಿ ಅವ್ನಿಗೂ ಕಾಫಿ! ಇದು ನಂಗೆ ಆ ಕ್ಷಣ ಸಿಟ್ಟು ಬಂತು, ಹೊಡೆದೋನಿಗೆ ಯಾಕ್ ಕಾಫಿ ಅಂತ. ಆಮೇಲೆ ಕೇಳಿದ್ದಕ್ಕೆ ಅಕ್ಕ, ಕಾಫಿ ಲೋಟ ಕೈಲಿದ್ರೆ ಹೊಡ್ಯೋಕಾಗಲ್ಲ ಸಾರ್, ಅವ್ನೂ ಫೋನ್ ಕಳ್ಕೊಂಡವ್ನೆ ಪಾಪ ಅಂದ್ರು. ಪೊಲೀಸ್ರು ಬಂದ್ರು, ಇಬ್ರನ್ನೂ ವಿಚಾರ್ಸಿದ್ರು, ಹುಡುಗನ್ನ ಮೊದ್ಲು ಆಸ್ಪತ್ರೆಗೆ ಅಂತ ಕರ್ಕೊಂಡು ಹೋದ್ರು. ಬಿಲ್ ಎಷ್ಟು ಬಾಕಿ ಅಂತ ಕೇಳಿದ್ದಕ್ಕೆ ಅಕ್ಕ, ಏನೂ ಇಲ್ಲ ಸಾರ್, ಅದು ನಾನ್ ಹೇಳಿದ್ ಸುಳ್ಳು ಅಂದ್ಬಿಟ್ರು, ಪೇದೆ ಒಬ್ರಿಗೆ ನಗು ತಡ್ಯೋಕಾಗ್ಲಿಲ್ಲ. ಹುಡುಗ ಫೋನ್ ಕದ್ದಿದ್ನೋ ಇಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕಂಗೂ ಗೊತ್ತಿಲ್ಲ, ಕೇಳೋಕೂ ಹೋಗಿಲ್ಲ.

ವಾಪಸ್ ಬಸ್ಸಲ್ಲಿ ಕೂತಾಗ ತಲೆಗೆ ಬಂದಿದ್ದು ಹಾಸನಾಂಬೆ ಗುಡಿ ಕಥೆನೇ. ಅಲ್ಲಿ ಕಳ್ಳಪ್ಪನ ಗುಡಿ ಅಂತ ಇದೆ, ದೇವಿ ಒಡವೆ ಕದಿಯೋಕೆ ಬಂದ ನಾಲ್ಕು ಜನ ಕಳ್ರು ಕಲ್ಲಾದ್ರು ಅಂತ ಕಥೆ, ಅಂದ್ರೆ ನಮ್ಮೂರ ಕಡೆ ಕಳ್ರಿಗೂ ಒಂದು ಗುಡಿ ಇದೆ. ಇನ್ನೊಂದು ಸೊಸೆ ಕಲ್ಲು. ದಿನಾ ಗುಡಿಗೆ ಬರ್ತಿದ್ದ ಸೊಸೆನ ಅತ್ತೆ ಹಿಂದೆನೇ ಬಂದು ಹೊಡೆದ್ಲು, ಅವ್ಳು ಅಮ್ಮಾ ಅಂತ ಕೂಗಿದ್ಳು, ದೇವಿ ಅವ್ಳನ್ನ ಕಲ್ಲು ಮಾಡಿ ತನ್ನ ಹತ್ರನೇ ಇಟ್ಕೊಂಡ್ಳು ಅಂತ. ಚಿಕ್ಕೋನಿದ್ದಾಗ ನಮ್ಮಜ್ಜಿನ ಕೇಳಿದ್ದೆ, ಹೊಡೆದಿದ್ದು ಅತ್ತೆ ಅಲ್ವಾ ಅಜ್ಜಿ, ಕಲ್ಲಾಗಿದ್ದು ಯಾಕೆ ಸೊಸೆ ಅಂತ. ಬಾಯ್ಮುಚ್ಕೊಂಡು ಕೈಮುಗಿಯೋ ಅಂದಿದ್ಳು.

ನನ್ನ ತಂಗಿ ಮಗಳು ಮೈಸೂರಲ್ಲಿ ಸೈಕಾಲಜಿ ಓದ್ತಿದ್ದಾಳೆ. ಅವ್ಳಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದ್ರೆ ಮಾವ ನೀನು ಟೆಕ್ಸ್ಟ್ ಬುಕ್ ಕೇಸು ಅಂತ ನಕ್ಕಳು, ನಂಗೆ ಉರೀತು. 1968ರಲ್ಲಿ ಅಮೆರಿಕದಲ್ಲಿ ಡಾರ್ಲಿ, ಲಟಾನೆ ಅಂತ ಇಬ್ರು ಒಂದು ಪ್ರಯೋಗ ಮಾಡಿದ್ರಂತೆ. ಬೇರೆ ಬೇರೆ ರೂಮಲ್ಲಿ ಸ್ಟೂಡೆಂಟ್ಸ್ ಕೂರ್ಸಿ ಮೈಕಲ್ಲಿ ಮಾತಾಡಿಸ್ತಾ, ಮಧ್ಯದಲ್ಲಿ ಒಬ್ಬಂಗೆ ಫಿಟ್ಸ್ ಬಂದಂಗೆ ದನಿ ಕೇಳಿಸೋದು. ಕೇಳಿಸ್ಕೊಳ್ತಿರೋದು ತಾನೊಬ್ನೇ ಅನ್ಕೊಂಡಿದ್ದೋರಲ್ಲಿ 85 ಪರ್ಸೆಂಟ್ ಜನ ಫಿಟ್ಸ್ ಮುಗಿಯೋದ್ರೊಳಗೆ ಎದ್ದು ಹೋಗಿ ತಿಳಿಸಿದ್ರು, ಇನ್ನೂ ನಾಲ್ಕು ಜನ ಕೇಳಿಸ್ಕೊಳ್ತಿದ್ದಾರೆ ಅನ್ಕೊಂಡಿದ್ದೋರಲ್ಲಿ ಬರೀ 31. ಜನ ಕೆಟ್ಟೋರು ಅಂತಲ್ಲ, ಜವಾಬ್ದಾರಿ ಹಂಚಿ ಹೋಗುತ್ತೆ, ಮೂವತ್ತು ಜನದಲ್ಲಿ ನನ್ನ ಪಾಲಿಗೆ ಬಂದಿದ್ದು ಮೂವತ್ತರಲ್ಲೊಂದು ಪಾಲು ಅಂದ್ಳು. ಅದಕ್ಕೇ ಅಕ್ಕ ಯಾರಾದ್ರೂ ಫೋನ್ ಮಾಡ್ರಪ್ಪ ಅಂತ ಕೂಗದೆ ಚೆಕ್ಸ್ ಶರ್ಟ್ ಸಾರ್ ಅಂತ ನನ್ನನ್ನೇ ಹಿಡಿದಿದ್ದು ಕೆಲ್ಸ ಮಾಡ್ತು. ಅಕ್ಕ ಡಾರ್ಲಿ ಲಟಾನೆ ಓದಿಲ್ಲ, ಬೆಳಿಗ್ಗೆ ರಶ್ಶಲ್ಲಿ ಯಾರಾದ್ರೂ ಮೂರನೇ ಟೇಬಲ್ ಒರ್ಸಿ ಅಂದ್ರೆ ಯಾರೂ ಒರ್ಸಲ್ಲ ಅಂತ ಅವ್ರಿಗೆ ಗೊತ್ತು.

ಆ ಪ್ರಯೋಗಕ್ಕೆ ಕಾರಣ 1964ರಲ್ಲಿ ನ್ಯೂಯಾರ್ಕಲ್ಲಿ ಕಿಟಿ ಜಿನೊವೀಸ್ ಅನ್ನೋ ಹುಡುಗಿ ಕೊಲೆ, 38 ಜನ ಕಿಟಕಿಯಿಂದ ನೋಡ್ತಾ ಸುಮ್ನಿದ್ರು ಅಂತ ಪೇಪರಲ್ಲಿ ಬಂದು ಲೋಕಕ್ಕೆಲ್ಲ ಗೊತ್ತಾಗಿದ್ದು. ಆಮೇಲೆ ನೋಡಿದ್ರೆ ಆ ಸುದ್ದಿನೇ ಉಬ್ಬಿಸಿದ್ದು, ಪೂರ್ತಿ ನೋಡಿದೋರು ತುಂಬಾ ಕಮ್ಮಿ, ಪಕ್ಕದ ಮನೆ ಹೆಂಗಸೊಬ್ರು ಕೆಳಗಿಳಿದು ಬಂದು ಸಾಯೋವಾಗ ಅವ್ಳನ್ನ ತೋಳಲ್ಲಿ ಹಿಡ್ಕೊಂಡಿದ್ರಂತೆ. ಅದನ್ನ ಯಾರೂ ನೆನಪಿಟ್ಕೊಳ್ಲಿಲ್ಲ ನೋಡಿ. ಇನ್ನೂ ಒಂದು ಹೇಳಿದ್ಳು, 2019ರಲ್ಲಿ ಬಂದಿದ್ದು, ಆಮ್‌ಸ್ಟರ್‌ಡ್ಯಾಂ, ಲ್ಯಾಂಕಾಸ್ಟರ್, ಕೇಪ್‌ಟೌನ್ ಮೂರು ಊರಿನ ಸಿಸಿಟಿವಿಯಲ್ಲಿ ಸಿಕ್ಕ 219 ಬೀದಿ ಜಗಳ ನೋಡಿದ್ರೆ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಕಡೆ ಯಾರಾದ್ರೂ ಒಬ್ರಾದ್ರೂ ಬಿಡ್ಸೋಕೆ ಹೋಗಿದ್ರಂತೆ. ಇದು ಕೇಳಿ ಒಂದ್ ಕಡೆ ಸಮಾಧಾನ ಆಯ್ತು, ಇನ್ನೊಂದ್ ಕಡೆ ಆ ಒಬ್ರು ನಾನಾಗಿರ್ಲಿಲ್ವಲ್ಲ ಅಂತ ಚುಚ್ತು.

ನಮ್ಮ ಅಂಗಡಿ ಪಕ್ಕದ ಸ್ಟುಡಿಯೋದೋರು ಮಾತ್ರ ಬೇರೆನೇ ಹೇಳ್ತಾರೆ. ಊರ ಉಸಾಬರಿ ನಿಮಗ್ಯಾಕೆ ಅಣ್ಣ, ನಾಳೆ ಸಾಕ್ಷಿ ಅಂತ ಕೋರ್ಟಿಗೆ ಅಲೀಬೇಕು, ಇಲ್ಲಾಂದ್ರೆ ನಿಮ್ಗೇ ಬೀಳುತ್ತೆ ಅಂತ. ಸುಳ್ಳಲ್ಲ. 2011ರಲ್ಲಿ ಮುಂಬೈ ಅಂಧೇರಿಲಿ ಜೊತೆಲಿದ್ದ ಹುಡುಗೀರಿಗೆ ಚುಡಾಯಿಸಿದ್ದನ್ನ ಕೇಳೋಕೆ ಹೋಗಿ ಇಬ್ರು ಹುಡುಗ್ರು ರಸ್ತೆಲೇ ಇರಿತಕ್ಕೆ ಸಿಕ್ಕಿ ಪ್ರಾಣ ಬಿಟ್ರು, ಸುತ್ತ ಜನ ಇದ್ರು. ನಮ್ಮಲ್ಲೇ 2018ರ ಜುಲೈಲಿ ಬೀದರ್ ಜಿಲ್ಲೆ ಮುರ್ಕಿಲಿ ಮಕ್ಕಳ ಕಳ್ರು ಅಂತ ವಾಟ್ಸಾಪಲ್ಲಿ ಹಬ್ಬಿ, ಚಾಕಲೇಟ್ ಕೊಟ್ಟಿದ್ದಕ್ಕೆ ಹೈದರಾಬಾದ್ ಇಂಜಿನಿಯರ್ ಒಬ್ಬನ್ನ ಹೊಡೆದು ಸಾಯ್ಸಿದ್ರು, ಬಿಡ್ಸೋಕೆ ಹೋದ ಪೊಲೀಸ್ರಿಗೂ ಏಟು ಬಿತ್ತು. ಅಂಥ ಗುಂಪಿಗೆ ತಣ್ಣೀರು ಜಗ್ಗು ಸಾಕಾಗಲ್ಲ. ಇದನ್ನ ಅಕ್ಕನ್ನೇ ಕೇಳ್ದೆ, ಚಾಕು ಇದ್ದಿದ್ರೆ ಏನ್ ಮಾಡ್ತಿದ್ರಿ ಅಂತ. ಶಟರ್ ಎಳ್ಕೊಂಡು ಒಳಗಿಂದ ಫೋನ್ ಮಾಡ್ತಿದ್ದೆ ಸಾರ್, ನಂಗೂ ಮಕ್ಳಿದಾರೆ ಅಂದ್ರು. ಇವ್ರತ್ರ ಏನೂ ಇರ್ಲಿಲ್ಲ, ಬರೀ ಸಿಟ್ಟಿತ್ತು, ಅದನ್ನ ನೋಡ್ಕೊಂಡೇ ಇಳಿದಿದ್ದು ಅಂದ್ರು. ಯಜಮಾನ್ರನ್ನ ಒಳಗೆ ಕಳ್ಸಿದ್ದೂ ಅದಕ್ಕೇ ಅಂತೆ, ಅವ್ರು ಬಂದಿದ್ರೆ ಗಂಡಸ್ರು ಗಂಡಸ್ರ ಜಗಳ ಆಗಿ ಹುಡುಗನ ಜೊತೆ ಇವ್ರೂ ಬೀಳ್ತಿದ್ರು.

ಕಾನೂನು ವಿಷ್ಯ ಪರಿಚಯದ ವಕೀಲ್ರನ್ನ ಕೇಳ್ದೆ, ಅವ್ರ ಮನೆ ಬೋರ್‌ವೆಲ್ ಮೋಟಾರ್ ನಾನೇ ಕಟ್ಟೋದು, ಫೀಸ್ ಇಲ್ಲ. ಕಣ್ಮುಂದೆನೇ ಕಳ್ಳತನದಂಥ ಕೇಸಾದ್ರೆ ಸಾರ್ವಜನಿಕರು ಹಿಡ್ಕೋಬೋದು, ಆದ್ರೆ ಆರು ಗಂಟೆ ಒಳಗೆ ಪೊಲೀಸ್ರಿಗೆ ಒಪ್ಪಿಸ್ಬೇಕು, ಹೊಸ ನಾಗರಿಕ ಸುರಕ್ಷಾ ಸಂಹಿತೆ 40ನೇ ಸೆಕ್ಷನ್. ಹೊಡ್ಯೋ ಅಧಿಕಾರ ಯಾರಿಗೂ ಇಲ್ಲ. ಇನ್ನೊಬ್ರ ಮೈಮೇಲೆ ಬಿದ್ದ ಏಟು ತಡ್ಯೋಕೆ ನಾವು ಅಡ್ಡ ಹೋಗೋದಕ್ಕೆ ನ್ಯಾಯ ಸಂಹಿತೆ 35ರಲ್ಲಿ ಹಕ್ಕಿದೆ, ತನ್ನ ಮೈ ಮಾತ್ರ ಅಲ್ಲ ಬೇರೆಯೋರ ಮೈ ಕಾಪಾಡೋ ಹಕ್ಕೂ ಅದ್ರಲ್ಲೇ ಬರುತ್ತೆ, ಆದ್ರೆ ತಡ್ಯೋಕೆ ಎಷ್ಟು ಬೇಕೋ ಅಷ್ಟೇ, ಸೇಡು ತೀರ್ಸೋಕಲ್ಲ. ನಾವೆಲ್ಲ ಗುಡ್ ಸಮರಿಟನ್ ಕಾನೂನು, ಅಂದ್ರೆ ಸಹಾಯಕ್ಕೆ ಹೋದೋರಿಗೆ ರಕ್ಷಣೆ ಕೊಡೋ ಕಾನೂನು ಇದೆ ಯಾರೂ ಏನೂ ಕೇಳಲ್ಲ ಅಂತ ಅನ್ಕೊಂಡಿರ್ತೀವಲ್ಲ, 2019ರಲ್ಲಿ ಮೋಟಾರ್ ವಾಹನ ಕಾಯ್ದೆಗೆ ಸೇರ್ಸಿದ 134ಎ ಬಂದಿರೋದು ರಸ್ತೆ ಅಪಘಾತಕ್ಕೆ, ಬೀದಿ ಹೊಡೆದಾಟಕ್ಕೆ ಅದನ್ನ ಹಿಡ್ಕೊಂಡು ಹೋಗ್ಬೇಡಿ ಅಂದ್ರು. ಅಪಘಾತಕ್ಕೇ ಆದ್ರೂ ಎಷ್ಟು ಜನ ಮುಂದೆ ಬರ್ತಾರೆ ಹೇಳಿ. 2017ರ ಫೆಬ್ರವರಿಲಿ ಕೊಪ್ಪಳದಲ್ಲಿ ಬಸ್ ಹರಿದು ಸೈಕಲ್ ಹುಡುಗ ರಕ್ತದಲ್ಲಿ ಬಿದ್ದು ಸಹಾಯ ಮಾಡಿ ಅಂತಿದ್ರೆ ಸುತ್ತ ನಿಂತೋರು ವೀಡಿಯೋ ಮಾಡ್ತಿದ್ರು, ಆ ವೀಡಿಯೋನ ನಾವೆಲ್ಲ ಛೆ ಛೆ ಅಂತ ಫಾರ್ವರ್ಡ್ ಮಾಡಿದ್ವಿ. ನಾನೂ ಮಾಡಿದ್ದೆ.

ವೀಡಿಯೋ ಮಾಡೋದೇ ತಪ್ಪು ಅಂತಲ್ಲ. ಅವತ್ತು ಕಾಲೇಜು ಹುಡುಗಿ ಒಬ್ಳು ಹೊಡೆದೋರ ಮುಖ ಕಾಣೋ ಹಂಗೆ ತೆಗ್ದಿದ್ಳು, ಅದನ್ನ ಪೊಲೀಸ್ರಿಗೆ ಕೊಟ್ಟು ಹೋದ್ಳು, ಸ್ಟೇಟಸ್‌ಗೆ ಹಾಕ್ಲಿಲ್ಲ. ಆದ್ರೆ ಬೇರೆ ಯಾರೋ ಹಾಕಿದ್ದು ಸಂಜೆಗೆ ನಮ್ಮ ಚನ್ರಾಯಪಟ್ಣ ಗ್ರೂಪಲ್ಲೇ ಬಂತು, ಹಾಸನದಲ್ಲಿ ಮೊಬೈಲ್ ಕಳ್ಳನಿಗೆ ಧರ್ಮದೇಟು ಅಂತ ಹೆಡ್ಡಿಂಗು. ಧರ್ಮದೇಟು! ಎಂಥ ಪದ ಕಟ್ಕೊಂಡಿದೀವಿ ನೋಡಿ. ಅದ್ರಲ್ಲಿ ಅಕ್ಕ ಬರೋ ಭಾಗ ಕಟ್ ಮಾಡಿದ್ರು. ಮೂಲೆಲಿ ದೋಸೆ ಹಿಡ್ಕೊಂಡು ನಿಂತಿರೋ ಚೆಕ್ಸ್ ಶರ್ಟು ಮಾತ್ರ ಚೆನ್ನಾಗಿ ಕಾಣುತ್ತೆ. ನನ್ನ ಹೆಂಡ್ತಿ ಎರಡು ಸಲ ಹಾಕ್ಕೊಂಡು ನೋಡಿದ್ಳು, ಏನೂ ಅನ್ಲಿಲ್ಲ.

ಮುಂದಿನ ವಾರ ಹೋದೆ. ಅಕ್ಕನ ಕೈಗೆ ಬಳೆ ಚುಚ್ಚಿದ ಕಡೆ ಬ್ಯಾಂಡೇಜು ಇತ್ತು. ಕೂತ್ಕೊಳ್ಳೋಕೆ ಮುಂಚೆನೇ, ಸಾರ್ ಹೋದ್ವಾರದ್ದು ಒಂದು ಮಸಾಲೆ ಬಾಕಿ ಇದೆ ಅಂದ್ರು. ಹೌದು, ಗಲಾಟೆಲಿ ಕೊಡ್ದೆ ಹೋಗಿದ್ದೆ. ಕೊಟ್ಟೆ. ನಿಮ್ಮ ಬಗ್ಗೆ ರಿವ್ಯೂ ಬರೀತೀನಿ ಅಕ್ಕ ಅಂದೆ. ಬರೀರಿ, ಹೆಸ್ರು ಹಾಕ್ಬೇಡಿ ಅಂದ್ರು. ಯಾಕೆ ಅಂದ್ರೆ ಮೂಲೆ ಟೇಬಲ್ ಕಡೆ ಕಣ್ಣಲ್ಲೇ ತೋರ್ಸಿದ್ರು. ಆ ಕೆಂಪು ಟೀ ಶರ್ಟೋನು ಇನ್ನಿಬ್ರು ಜೊತೆ ಕೂತು ಇಡ್ಲಿ ತಿಂತಿದ್ದ, ಅವತ್ತು ಹಸಿರು ಶರ್ಟು. ವಾರಕ್ಕೆ ಮೂರ್ ದಿನ ಬರ್ತಾನೆ ಸಾರ್, ಇಲ್ಲೇ ಕೆಲ್ಸ ಅವ್ನಿಗೆ ಅಂದ್ರು. ಸಪ್ಲೈಯರ್ ಅವ್ನಿಗೆ ಎರಡ್ನೇ ಸಲ ಚಟ್ನಿ ಹಾಕ್ತಿದ್ದ, ಕೇಳ್ದೇನೆ. ಆ ಪಿನ್ನು ಹಾಕಿದ ನೀಲಿ ಚಪ್ಪಲಿ ಬಾಗ್ಲ ಹಿಂದೆ ಪೊರಕೆ ಪಕ್ಕ ಇಟ್ಟಿದಾರೆ, ಹುಡುಗ ಬಂದ್ರೆ ಕೊಡೋಣ ಅಂತ.

ಹೋಗೋರಿಗೆ: ಮಂಗಳವಾರ ರಜೆ. ಗಾಡಿ ನಿಲ್ಸೋಕೆ ಜಾಗ ಇಲ್ಲ, ಬೈಕಾದ್ರೆ ಮೆಡಿಕಲ್ ಮುಂದೆ ಹಾಕ್ಬೇಡಿ, ಅವ್ರು ಚೈನ್ ಹಾಕ್ತಾರೆ. ಚಿಲ್ರೆ ತಗೊಂಡೋಗಿ. ಅಕ್ಕಿ ರೊಟ್ಟಿ ಬೇಕಂದ್ರೆ ಭಾನುವಾರ ಒಂಬತ್ತೂವರೆ ಒಳಗೆ.